ಹಳೆಯ ಪಿಕಪ್ ಗಾಡಿ ಮನೆಯಲ್ಲೇ ಸಜ್ಜು ಮಾಡುವುದು ಹೇಗೆ: ಕಾಗದಪತ್ರದಿಂದ ಬಣ್ಣದವರೆಗೆ, ಸರಿಯಾದ ಕ್ರಮದಲ್ಲಿ

ಜಮಖಂಡಿಯಿಂದ ಮುಧೋಳದ ಕಡೆ ಹೊರಟರೆ ದಾರಿಯ ಅಕ್ಕಪಕ್ಕದ ಮನೆಗಳ ಅಂಗಳ ನೋಡಿ. ತಾಡಪತ್ರಿ ಹೊದ್ದು ನಿಂತ ಪಿಕಪ್ ಒಂದಾದರೂ ಕಾಣುತ್ತದೆ. ಕ್ಯಾಬಿನ್ ಒಂದು ಕಡೆ, ಎಂಜಿನ್ ಹಳೆ ಟೈರಿನ ಮೇಲೆ, ಬೋಲ್ಟುಗಳೆಲ್ಲ ಒಂದೇ ಡಬ್ಬಿಯಲ್ಲಿ. ಮಾಲೀಕರಿಗೆ ಆಸೆ ಇತ್ತು, ದುಡ್ಡೂ ಇತ್ತು. ತಪ್ಪಿದ್ದು ಕ್ರಮ. ಕೆಲವರು ಎಲ್ಲವನ್ನೂ ಒಮ್ಮೆಲೇ ಬಿಚ್ಚಿ ಹಾಕುತ್ತಾರೆ. ಉಳಿದವರು ಮೊದಲು ಬಣ್ಣ ಹೊಡೆಸಿ, ಆಮೇಲೆ ಕೆಳಗಿನ ಕೆಲಸಕ್ಕೆ ಕೈ ಹಾಕುತ್ತಾರೆ. ನಾನು ಮೊದಲ ಗಾಡಿಯಲ್ಲಿ ಎರಡನೇ ತಪ್ಪು ಮಾಡಿದೆ. ಹೊಸ ಬಣ್ಣದ ಮೇಲೆ ವೆಲ್ಡಿಂಗ್ ಕಿಡಿ ಬಿತ್ತು, ಬ್ರೇಕ್ ಆಯಿಲ್ ಚೆಲ್ಲಿತು. ಎರಡು ಬಾಗಿಲಿನ ಬಣ್ಣ ಎದ್ದು ಬಂತು.

ಇಲ್ಲಿ ಹೇಳುವ ಕ್ರಮ ಹಿಂದೆ ಲೀಫ್ ಸ್ಪ್ರಿಂಗ್, ಕೆಳಗೆ ಬೇರೆ ಚಾಸಿ (ಗಾಡಿ ಹೊರುವ ಕಬ್ಬಿಣದ ಚೌಕಟ್ಟು) ಇರುವ ಹಳೆಯ ಡೀಸೆಲ್ ಪಿಕಪ್‌ಗಳಿಗೆ. ಮಹೀಂದ್ರಾದ 2523 ಸಿಸಿ ಡಿಐ ಎಂಜಿನ್ ಗಾಡಿಗಳು, ಟಾಟಾ 207 ಇದ್ದಂಥವು. ನಿಮ್ಮದು ಕಾಮನ್ ರೈಲ್ ಎಂಜಿನ್ (ಬಹಳ ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಬಗೆ) ಆಗಿದ್ದರೆ ಒಂದು ಮಾತು ನೆನಪಿಡಿ: ಎಂಜಿನ್ ಚಾಲೂ ಇರುವಾಗ ಹೈ ಪ್ರೆಶರ್ ಡೀಸೆಲ್ ಪೈಪ್ ಸಡಿಲ ಮಾಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಅಂಥ ಗಾಯಕ್ಕೆ ಕೂಡಲೇ ಆಸ್ಪತ್ರೆಯೇ ಬೇಕು.

## ಹಂತ 1: ಪಾನಾ ಹಿಡಿಯುವ ಮೊದಲು ಆರ್‌ಸಿ ಹಿಡಿಯಿರಿ

ಆರ್‌ಸಿಯಲ್ಲಿರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಗಾಡಿಯ ಮೇಲಿರುವುದಕ್ಕೆ ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಚಾಸಿ ನಂಬರ್ ಇರುವ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ವೈರ್ ಬ್ರಶ್‌ನಿಂದ ಮೆಲ್ಲಗೆ ಉಜ್ಜಿ. ಅಲ್ಲಿ ಗ್ರೈಂಡರ್ ಹಚ್ಚಲೇಬೇಡಿ. ನಂಬರ್ ಅಳಿಸಿದರೆ ಅಥವಾ ಅದರ ಸುತ್ತ ಹೊಸ ವೆಲ್ಡಿಂಗ್ ಗುರುತು ಕಂಡರೆ ಆ ಗಾಡಿ ಕೊಳ್ಳಬೇಡಿ. ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಸಾಲದ ನಮೂದು ಆರ್‌ಸಿಯಲ್ಲಿ ಉಳಿದಿದೆಯೇ ನೋಡಿ. ಸಾಲ ತೀರಿದ್ದರೂ ನಮೂದು ಹಾಗೇ ಉಳಿದಿರುತ್ತದೆ. ಅದನ್ನು ಹಳೆಯ ಮಾಲೀಕರಿಂದಲೇ ತೆಗೆಸಿಕೊಳ್ಳಿ. ಸರಕು ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ) ಬೇಕು. 15 ವರ್ಷ ದಾಟಿದ ಗಾಡಿಗಳಿಗೆ 2022ರ ಏಪ್ರಿಲ್‌ನಿಂದ ಈ ಶುಲ್ಕಗಳು ಜಾಸ್ತಿಯಾಗಿವೆ. ಇದನ್ನು ಮೊದಲೇ ಖರ್ಚಿನ ಲೆಕ್ಕದಲ್ಲಿ ಹಿಡಿಯಿರಿ.

ಇನ್ನು ಬದಲಾವಣೆಯ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರ ಆರ್‌ಸಿಯಲ್ಲಿ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಬಣ್ಣ ಬದಲಿಸುವುದಾದರೆ ಆರ್‌ಟಿಓದಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬರೆಸಬೇಕು. ಎಂಜಿನ್ ಬದಲಿಸುವುದಾದರೆ ಮೊದಲು ಅನುಮತಿ, ಆಮೇಲೆ ಕೆಲಸ. ಕೆಎ-22 ಬೆಳಗಾವಿ, ಕೆಎ-28 ವಿಜಯಪುರ, ಕೆಎ-29 ಬಾಗಲಕೋಟೆ, ಕೆಎ-48 ಜಮಖಂಡಿ, ಕೆಎ-49 ಗೋಕಾಕ. ನಿಮ್ಮ ಆರ್‌ಟಿಓಗೆ ಒಂದು ಸಲ ಹೋಗಿ, ಏನು ಮಾಡಬೇಕೆಂದಿದ್ದೀರಿ ಎಂದು ಹೇಳಿ ಕೇಳಿಕೊಂಡು ಬನ್ನಿ. ಗಾಡಿ ಸಿದ್ಧವಾದ ಮೇಲೆ ಕೇಳುವುದಕ್ಕಿಂತ ಇದು ಎಷ್ಟೋ ಮೇಲು.

## ಹಂತ 2: ಕಾಲ, ಜಾಗ, ಸಾಮಾನು

ಸೀಗಿ ಹುಣ್ಣಿಮೆ ಮುಗಿದ ಮೇಲೆ ಬಿಚ್ಚಲು ಶುರು ಮಾಡಿ. ಕಾರ ಹುಣ್ಣಿಮೆಯೊಳಗೆ ಬಣ್ಣ ಮುಗಿಯಬೇಕು. ಬೆಳಗಾವಿ, ಖಾನಾಪುರದ ಕಡೆಯವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಮಳೆ ಹಿಡಿದರೆ ಬರಿ ತಗಡು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ.

ಜಾಗ ಸಿಮೆಂಟ್ ನೆಲವಾಗಿದ್ದರೆ ಒಳ್ಳೆಯದು. ಎರೆ ಮಣ್ಣಿನ ಅಂಗಳವಾದರೆ ಜಾಕ್ ಕೆಳಗೆ ದಪ್ಪ ಹಲಗೆ ಅಥವಾ ಕಬ್ಬಿಣದ ಪ್ಲೇಟ್ ಇಡಿ. ಎರೆ ನೆಲ ಮೇಲೆ ಗಟ್ಟಿ ಕಾಣುತ್ತದೆ. ಭಾರ ಬಿದ್ದಾಗ ಒಂದು ಕಡೆ ಕುಸಿಯುತ್ತದೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಎರಡು ಜೋಡಿ ಜಾಕ್ ಸ್ಟ್ಯಾಂಡ್ ತನ್ನಿ. ಇಟ್ಟಂಗಿ, ಕಲ್ಲು ಇಟ್ಟು ಕೆಲಸ ಮಾಡಬೇಡಿ. ಇಟ್ಟಂಗಿ ಸದ್ದಿಲ್ಲದೆ ಒಡೆಯುತ್ತದೆ.

ರಿಂಗ್ ಪಾನಾ ಮತ್ತು ಸಾಕೆಟ್ ಸೆಟ್, ಟಾರ್ಕ್ ರೆಂಚ್, ಆಂಗಲ್ ಗ್ರೈಂಡರ್, ಮಲ್ಟಿಮೀಟರ್, ಗ್ರೀಸ್ ಗನ್, ವೈರ್ ಬ್ರಶ್, ಕನ್ನಡಕ, ಬೆಂಕಿ ಆರಿಸುವ ಸಿಲಿಂಡರ್. ಇವಿಷ್ಟು ಮನೆಯಲ್ಲಿ ಬೇಕೇ ಬೇಕು. ವೆಲ್ಡಿಂಗ್ ಮಷೀನ್, ಕಂಪ್ರೆಸರ್ ಬಾಡಿಗೆಗೆ ತಂದರೂ ನಡೆಯುತ್ತದೆ. ಟಾರ್ಕ್ ರೆಂಚ್‌ಗೆ ದುಡ್ಡು ಹಾಕಲು ಜನ ಹಿಂದೆಮುಂದೆ ನೋಡುತ್ತಾರೆ. ಚಕ್ರ, ಸ್ಪ್ರಿಂಗನ್ನು ಆ್ಯಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್, ಸಿಲಿಂಡರ್ ಹೆಡ್, ಈ ಮೂರಕ್ಕೂ ಕೈ ಅಂದಾಜು ಸಾಲದು.

## ಹಂತ 3: ಬಿಚ್ಚುವ ಮೊದಲು ರೋಗ ತಿಳಿಯಿರಿ

ಓಡುವ ಗಾಡಿಯನ್ನು ಓಡಿಸಿಯೇ ಪರೀಕ್ಷೆ ಮಾಡಬೇಕು. ಬಿಚ್ಚಿದ ಮೇಲೆ ಯಾವ ಸದ್ದು ಎಲ್ಲಿಂದ ಬರುತ್ತಿತ್ತು ಎಂದು ಹೇಳಲು ಆಗುವುದಿಲ್ಲ.

ಬೆಳಿಗ್ಗೆ ತಣ್ಣಗಿದ್ದಾಗ ಎಂಜಿನ್ ಹಚ್ಚಿ. ಹೊಗೆಯ ಬಣ್ಣ ಬರೆದುಕೊಳ್ಳಿ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಮೊದಲು ಏರ್ ಫಿಲ್ಟರ್ ನೋಡಿ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಗೆ ಹೋಗುತ್ತಿದೆ. ಎಂಜಿನ್ ನಡೆಯುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಭುಸುಭುಸು ಗಾಳಿ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಆಯಿಲ್ ಹಾಲು ಬೆರೆಸಿದ ಚಹಾದ ಹಾಗೆ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಆಮೇಲೆ ಚಾಸಿ. ಚಿಕ್ಕ ಸುತ್ತಿಗೆಯಿಂದ ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ತಿಂದದ್ದು ಮಂದವಾಗಿ ದಪ್ ಅನ್ನುತ್ತದೆ. ಅಂಥ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಇಳಿದರೆ ಸೀಮೆಸುಣ್ಣದಿಂದ ಗುರುತು ಹಾಕಿ. ಎಡ ಮುಂದಿನ ಮೂಲೆಯಿಂದ ಬಲ ಹಿಂದಿನ ಮೂಲೆಗೆ, ಬಲ ಮುಂದಿನಿಂದ ಎಡ ಹಿಂದಿನದಕ್ಕೆ ಟೇಪ್ ಹಿಡಿಯಿರಿ. ಎರಡೂ ಕಡೆ ಅದೇ ತೂತು, ಅದೇ ಬೋಲ್ಟ್ ಆಯ್ದುಕೊಂಡು ಅಳೆಯಬೇಕು. ಎರಡು ಅಳತೆ ಬಹಳ ಬೇರೆ ಬಂದರೆ ಚಾಸಿ ತಿರುಚಿದೆ.

ತಿರುಚಿದ ಚಾಸಿ ಮನೆಯ ಕೆಲಸವಲ್ಲ. ಸ್ಪ್ರಿಂಗ್ ಕಟ್ಟುವ ಬ್ರಾಕೆಟ್ ಇರುವ ಜಾಗದಲ್ಲೇ ಚಾಸಿ ತೂತು ಬಿದ್ದಿದ್ದರೂ ಹಾಗೆಯೇ. ಈ ಎರಡರಲ್ಲಿ ಒಂದು ಕಂಡರೂ ಗಾಡಿ ಕೈಬಿಡಿ.

## ಹಂತ 4: ಒಂದೊಂದೇ ಭಾಗ ಬಿಚ್ಚಿ

ಬಿಚ್ಚುವ ಮೊದಲು ಒಂದು ದಿನ ಪೂರ್ತಿ ತೊಳೆಯಲು ಇಡಿ. ಚಾಸಿಯ ಒಳಗೆ, ಫೆಂಡರ್ ಮೇಲೆ ಅಂಟಿದ ಎರೆ ಮಣ್ಣು ನೀರು ಹೀರಿ ತಿಂಗಳುಗಟ್ಟಲೆ ಹಸಿಯಾಗೇ ಇರುತ್ತದೆ. ಮೊದಲು ನೆನೆಸಿ, ಒಂದು ತಾಸು ಬಿಟ್ಟು, ಮರದ ಕಡ್ಡಿಯಿಂದ ಕೆರೆದು, ಆಮೇಲೆ ಪ್ರೆಶರ್ ನೀರು ಹೊಡೆಯಿರಿ.

ಮೊದಲ ನಿಯಮ: ಒಂದು ವ್ಯವಸ್ಥೆ ಬಿಚ್ಚಿ, ಸರಿ ಮಾಡಿ, ಕೂಡಿಸಿ, ಆಮೇಲೆ ಮುಂದಿನದು. ಹಿಂದಿನ ಬಾಡಿ ಇಳಿಸುವುದು ಮಾತ್ರ ಇದಕ್ಕೆ ಹೊರತು. ಚಾಸಿ ನೋಡಲು ಅದನ್ನು ಇಳಿಸಲೇಬೇಕು. ನಾಲ್ಕಾರು ಜನ ಸೇರಿದರೆ ಆಗುತ್ತದೆ. ಕ್ಯಾಬಿನ್ ಇಳಿಸುವ ಅಗತ್ಯ ಹೆಚ್ಚಿನ ಗಾಡಿಗಳಿಗೆ ಇರುವುದಿಲ್ಲ. ಅಂಗಳದಲ್ಲಿ ವರ್ಷಗಟ್ಟಲೆ ನಿಂತ ಗಾಡಿಗಳಲ್ಲಿ ನಾನು ಕಂಡದ್ದೆಲ್ಲ ಕ್ಯಾಬಿನ್ ಇಳಿಸಿದವೇ.

ಪ್ರತಿ ಭಾಗ ಬಿಚ್ಚುವ ಮೊದಲು ಮೂರು ಫೋಟೊ: ದೂರದಿಂದ, ಹತ್ತಿರದಿಂದ, ಪಕ್ಕದಿಂದ. ಬೋಲ್ಟುಗಳನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಳಗೆ ಚೀಟಿ ಇಡಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಡೀಸೆಲ್ ತಾಗಿದರೆ ಪೆನ್ ಶಾಯಿ ಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ.

ಜಾಮ್ ಆದ ಬೋಲ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಬೆಳಿಗ್ಗೆ ಸುತ್ತಿಗೆಯಿಂದ ತಲೆಗೆ ಎರಡು ಏಟು ಕೊಟ್ಟು, ಮೊದಲು ಸ್ವಲ್ಪ ಬಿಗಿ ಮಾಡುವ ಕಡೆ ತಿರುಗಿಸಿ, ಆಮೇಲೆ ಬಿಚ್ಚಿ. ಗ್ಯಾಸ್‌ನಿಂದ ಕಾಯಿಸುವುದು ಕೊನೆಯ ದಾರಿ. ಡೀಸೆಲ್ ಟ್ಯಾಂಕ್, ಬ್ರೇಕ್ ಹೋಸ್, ರಬ್ಬರ್ ಬುಶ್ ಹತ್ತಿರ ಅದೂ ಬೇಡ.

## ಹಂತ 5: ಚಾಸಿ ಮತ್ತು ತುಕ್ಕು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದು. ಹೆಚ್ಚು ಜನ ಅವಸರ ಮಾಡುವುದೂ ಇಲ್ಲೇ.

ನಮ್ಮ ಕಡೆ ಪಿಕಪ್‌ಗಳಿಗೆ ಜಂಗು ಹಿಡಿಯುವ ಕಾರಣ ಬರೀ ಮಳೆ ಅಲ್ಲ. ಯೂರಿಯಾ, ಪೊಟ್ಯಾಶ್ ಚೀಲ ಹೇರಿದಾಗ ಉದುರಿದ ಕಾಳು ಬಾಡಿಯ ಸಂದಿಯಲ್ಲಿ ಸೇರುತ್ತದೆ. ಗೊಬ್ಬರ ಗಾಳಿಯ ತೇವ ಎಳೆದು ಉಪ್ಪು ನೀರಾಗುತ್ತದೆ. ಆ ನೀರು ತಗಡಿನ ಜೋಡಣೆಯಲ್ಲಿ ಇಳಿದು ಒಳಗಿನಿಂದ ತಿನ್ನುತ್ತದೆ. ಕಬ್ಬಿನ ಹಾಲು, ಬೆಲ್ಲದ ಪಾಕ ಹುಳಿಯಾಗಿ ಇದೇ ಕೆಲಸ ಮಾಡುತ್ತವೆ. ಆದ್ದರಿಂದ ಮೇಲೆ ಕಾಣುವ ತುಕ್ಕಿಗಿಂತ ಈ ಜಾಗಗಳನ್ನು ಮೊದಲು ನೋಡಿ: ಬಾಡಿಯ ಅಡ್ಡಪಟ್ಟಿಯ ಮೇಲ್ಭಾಗ, ಹಿಂದಿನ ಬಾಗಿಲಿನ ಕೀಲು, ಕ್ಯಾಬಿನ್ ಕಾಲಿಡುವ ನೆಲ, ಬಾಗಿಲಿನ ಕೆಳ ಅಂಚು, ಮುಂದಿನ ಗಾಜಿನ ಕೆಳಮೂಲೆ, ಬ್ಯಾಟರಿ ಕೂರುವ ತಟ್ಟೆ.

ಕೆಲಸದ ಕ್ರಮ ಹೀಗಿರಲಿ. ಬ್ಯಾಟರಿ ವೈರ್ ಕಳಚಿ. ಆಲ್ಟರ್ನೇಟರ್ ಕನೆಕ್ಷನ್ ಕೂಡ ಕಳಚಿ, ಇಲ್ಲದಿದ್ದರೆ ವೆಲ್ಡಿಂಗ್ ಕರೆಂಟಿಗೆ ಅದರ ಡಯೋಡ್ ಸುಡುತ್ತದೆ. ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಅದಕ್ಕೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಸಡಿಲ ತುಕ್ಕನ್ನು ವೈರ್ ಬ್ರಶ್, ಫ್ಲ್ಯಾಪ್ ಡಿಸ್ಕ್‌ನಿಂದ ತೆಗೆದು ಹೊಳೆಯುವ ಕಬ್ಬಿಣ ಕಾಣಿಸಿ. ಕೊರೆದ ಚುಕ್ಕೆಗಳಲ್ಲಿ ಉಳಿದದ್ದಕ್ಕೆ ಮಾತ್ರ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರಾಗಿಸುವ ದ್ರಾವಣ) ಹಚ್ಚಿ. ಪದರು ಪದರಾಗಿ ಎದ್ದ ತುಕ್ಕಿನ ಮೇಲೆ ಅದನ್ನು ಹಚ್ಚಿದರೆ ದುಡ್ಡು ದಂಡ.

ತೂತು ಬಿದ್ದ ಜಾಗಕ್ಕೆ ತೇಪೆಯ ಮೇಲೆ ತೇಪೆ ಇಡಬೇಡಿ. ಕೆಟ್ಟ ತಗಡನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ. ಅಷ್ಟೇ ದಪ್ಪದ ಹೊಸ ತುಂಡು ಕೂಡಿಸಿ. ಕ್ಯಾಬಿನ್ ತಗಡು ಸಾಮಾನ್ಯವಾಗಿ 1 ಎಂಎಂ ಆಚೀಚೆ ಇರುತ್ತದೆ. ಅದನ್ನು ಒಂದೇ ಎಳೆಯಲ್ಲಿ ವೆಲ್ಡ್ ಮಾಡಿದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಒಂದು ಚುಕ್ಕೆ ಇಲ್ಲಿ, ಒಂದು ಅಲ್ಲಿ ಇಟ್ಟು, ಆರಿದ ಮೇಲೆ ನಡುವೆ ತುಂಬಿ. ಗ್ಯಾಲ್ವನೈಸ್ಡ್ ತಗಡಾದರೆ ವೆಲ್ಡ್ ಮಾಡುವ ಅಂಚಿನ ಸತುವನ್ನು ಮೊದಲು ಉಜ್ಜಿ ತೆಗೆಯಿರಿ. ಸತುವಿನ ಹೊಗೆ ಕುಡಿದರೆ ರಾತ್ರಿ ಜ್ವರ, ನಡುಕ ಬರುತ್ತದೆ.

ಚಾಸಿಯಲ್ಲಿ ಸೀಳು ಇದ್ದರೆ ಅದರ ತುದಿ ಹುಡುಕಿ, ಅಲ್ಲಿ 3 ಎಂಎಂ ತೂತು ಕೊರೆಯಿರಿ. ಆ ತೂತು ಸೀಳು ಮುಂದೆ ಓಡದಂತೆ ತಡೆಯುತ್ತದೆ. ಆಮೇಲೆ ಸೀಳನ್ನು ವಿ ಆಕಾರದಲ್ಲಿ ಉಜ್ಜಿ ವೆಲ್ಡ್ ತುಂಬಬೇಕು. ಚಾಸಿಯ ವೆಲ್ಡಿಂಗ್ ನೀವು ಕಲಿಯುವ ಜಾಗವಲ್ಲ. ಟ್ರಕ್ ಚಾಸಿ ಮಾಡಿ ಪಳಗಿದ ಮಿಸ್ತ್ರಿಯನ್ನು ಮನೆಗೆ ಕರೆಸಿ. ಮೇಲಿನ ಮತ್ತು ಕೆಳಗಿನ ಅಂಚಿನ ಮೇಲೆ ಅಡ್ಡಲಾಗಿ ವೆಲ್ಡ್ ಎಳೆಯಲು ಹೊರಟರೆ ತಡೆಯಿರಿ. ಲೋಡ್ ಬಿದ್ದಾಗ ಚಾಸಿ ಮುರಿಯುವುದು ಅಂಥ ಗೆರೆಯಲ್ಲೇ.

ವೆಲ್ಡಿಂಗ್ ಮುಗಿದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ನಾಳೆ ಹಚ್ಚೋಣ ಅನ್ನಬೇಡಿ. ಜೋಡಣೆಗಳಿಗೆ ಸೀಮ್ ಸೀಲರ್ ತುಂಬಿ. ನೀರು ಇಳಿಯುವ ತೂತುಗಳನ್ನು ಮಾತ್ರ ಬಿಡಿ. ಬಾಗಿಲಿನ ಕೆಳಗಿನ ತೂತು ಕೊಳಕು ಕಾಣುತ್ತದೆ ಎಂದು ಸೀಲರ್ ಮೆತ್ತುವವರಿದ್ದಾರೆ. ಅಂಥ ಬಾಗಿಲು ಎರಡು ಮಳೆಗಾಲದಲ್ಲಿ ಕೊಳೆಯುತ್ತದೆ.

## ಹಂತ 6: ಬ್ರೇಕ್, ಸ್ಟೇರಿಂಗ್, ಸ್ಪ್ರಿಂಗ್

ದುಡ್ಡು ಕಡಿಮೆ ಬಿದ್ದರೆ ಬಣ್ಣದಲ್ಲಿ ಉಳಿಸಿ, ಇಲ್ಲಿ ಉಳಿಸಬೇಡಿ.

ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಗಾಳಿ ಊದಿ ತೆಗೆಯಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ವೀಲ್ ಸಿಲಿಂಡರ್ ಸೋರುತ್ತಿದ್ದರೆ ಆ ಆ್ಯಕ್ಸಲ್‌ನ ಎರಡೂ ಕಡೆ ಬದಲಿಸಿ. ರಬ್ಬರ್ ಹೋಸ್ ಬಗ್ಗಿಸಿ ನೋಡಿ, ಬಿರುಕು ಕಂಡರೆ ಹೊಸದು. ಕಬ್ಬಿಣದ ಬ್ರೇಕ್ ಪೈಪ್ ತುಕ್ಕು ಹಿಡಿದು ಉಬ್ಬಿದ್ದರೆ ಪೂರ್ತಿ ಪೈಪ್ ಬದಲಿಸಿ. ನಡುವೆ ತುಂಡು ಸೇರಿಸಿ ವೆಲ್ಡ್ ಮಾಡುವ ಪದ್ಧತಿ ಜೀವಕ್ಕೆ ಅಪಾಯ.

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಕ್ರಮ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ: ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ತೊಂದರೆ ಇದೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆ್ಯಕ್ಸಲ್‌ಗೆ ಕಡ್ಡಿ ಜೋಡಿಸಿದ ವಾಲ್ವ್ ಇರುತ್ತದೆ. ಲೋಡ್ ಇದ್ದರೆ ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ, ಖಾಲಿ ಇದ್ದರೆ ಕಡಿಮೆ ಮಾಡುವುದು ಅದರ ಕೆಲಸ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ ಆ್ಯಕ್ಸಲ್ ಜೋತು ಬಿಟ್ಟರೆ ಆ ವಾಲ್ವ್ ಹಿಂದಕ್ಕೆ ಹೋಗುವ ಆಯಿಲ್ ಕಡಿಮೆ ಮಾಡುತ್ತದೆ. ಗಾಳಿ ಪೂರ್ತಿ ಬರುವುದೇ ಇಲ್ಲ. ಹಿಂದಿನ ಚಕ್ರ ನೆಲದ ಮೇಲೆ ಇದ್ದಾಗಲೇ ಗಾಳಿ ತೆಗೆಯಿರಿ. ಪೆಡಲ್ ಮೆತ್ತಗೇ ಇದೆ ಎಂದು ಮೂರು ಸಲ ಮಾಸ್ಟರ್ ಸಿಲಿಂಡರ್ ಬದಲಿಸಿದವರನ್ನು ನೋಡಿದ್ದೇನೆ. ಕಾರಣ ಇಷ್ಟೇ ಇತ್ತು.

ಸ್ಟೇರಿಂಗ್‌ಗೆ ಬಂದರೆ, ಮುಂದಿನ ಚಕ್ರ ಎತ್ತಿ ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಆಡಿದರೆ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್. ಎಡ-ಬಲ ಹಿಡಿದಾಗ ಆಡಿದರೆ ಟೈ ರಾಡ್ ತುದಿ. ಒಬ್ಬರು ಸ್ಟೇರಿಂಗ್ ಅಲುಗಿಸುತ್ತಿರಲಿ, ಇನ್ನೊಬ್ಬರು ಕೆಳಗಿನಿಂದ ಪ್ರತಿ ಜೋಡಣೆಗೆ ಕೈ ಇಟ್ಟು ನೋಡಲಿ.

ಲೀಫ್ ಸ್ಪ್ರಿಂಗ್‌ನ ಒಂದು ಪಟ್ಟಿ ಮುರಿದಿದ್ದರೆ ಆ ಕಡೆಯ ಸೆಟ್ ಬಿಚ್ಚಿ ಎಲ್ಲ ಪಟ್ಟಿ ನೋಡಿ. ಶಾಕಲ್ ಬುಶ್ ಹೊಸದು ಹಾಕಿ. ಯು-ಬೋಲ್ಟ್ ಒಮ್ಮೆ ಬಿಚ್ಚಿದರೆ ಹಳೆಯದನ್ನು ಮತ್ತೆ ಹಾಕಬೇಡಿ. ಬಿಗಿದಾಗ ಎಳೆದುಕೊಂಡ ಕಬ್ಬಿಣ ಅದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಜರಿಯಿಂದ ತರುವ ಟೈರಿಗೆ ನಕ್ಷೆ ಎಷ್ಟೇ ಇದ್ದರೂ ಈ ಅಂಕಿ ನೋಡದೆ ಹಾಕಬೇಡಿ.

## ಹಂತ 7: ಎಂಜಿನ್

ಮೊದಲು ರೇಡಿಯೇಟರ್. ಕಬ್ಬಿನ ರವದಿ, ಧೂಳು ಸೇರಿ ಅದರ ಜಾಲರಿ ಕಟ್ಟಿರುತ್ತದೆ. ಎಂಜಿನ್ ಕಡೆಯಿಂದ ಹೊರಗೆ ನೀರು ಹೊಡೆಯಿರಿ. ಹೊರಗಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಹೋಗುತ್ತದೆ. ಬೋರ್‌ವೆಲ್ ನೀರು ಹಾಕಬೇಡಿ. ವಿಜಯಪುರ, ಬಾಗಲಕೋಟೆ ಕಡೆಯ ಗಡಸು ನೀರು ಕೊಡದಲ್ಲಿ ಬಿಳಿ ಪದರು ಕಟ್ಟುವುದನ್ನು ನೋಡಿದ್ದೀರಿ ಅಲ್ವಾ, ಎಂಜಿನ್ ಒಳಗೂ ಅದೇ ಆಗುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ ಹಾಕಿ. ಎಂಜಿನ್ ಬಿಸಿ ಆಗುತ್ತದೆ ಎಂದು ಥರ್ಮೋಸ್ಟಾಟ್ ತೆಗೆದು ಎಸೆಯುವ ರೂಢಿ ಇದೆ. ಅದು ಪರಿಹಾರ ಅಲ್ಲ. ಹೊಸದು ಹಾಕಿ.

ಡೀಸೆಲ್ ಟ್ಯಾಂಕ್ ಹೇಗೂ ಇಳಿಸಿದ್ದೀರಿ. ತಳದ ನೀರು, ಕಪ್ಪು ಲೋಳೆ ತೆಗೆದು ತೊಳೆದು ಒಣಗಿಸಿ. ಎರಡೂ ಫಿಲ್ಟರ್ ಬದಲಿಸಿ, ಕೈಪಂಪ್ ಒತ್ತಿ ಗಾಳಿ ತೆಗೆಯಿರಿ. ನಿಂತ ಗಾಡಿ ಹಚ್ಚಿದ ಕೂಡಲೇ ಬಂದ್ ಆಗುತ್ತಿದ್ದರೆ ಪಂಪ್ ಬಿಚ್ಚುವ ಮೊದಲು ಡೀಸೆಲ್ ಪೈಪಿನ ವಾಶರ್‌ಗಳನ್ನು ನೋಡಿ. ಗಾಳಿ ಎಳೆಯುತ್ತಿರುವುದು ಅಲ್ಲೇ ಇರುತ್ತದೆ.

ಕಂಪ್ರೆಷನ್ ಕಡಿಮೆ ಬಂದು ಎಂಜಿನ್ ಇಳಿಸಲೇಬೇಕಾದರೆ ಬೋರಿಂಗ್ (ಸವೆದ ಸಿಲಿಂಡರನ್ನು ಕೊರೆದು ಹಿಗ್ಗಿಸುವುದು), ಕ್ರ್ಯಾಂಕ್ ಗ್ರೈಂಡಿಂಗ್ ಮನೆಯಲ್ಲಿ ಆಗುವುದಿಲ್ಲ. ಬೆಳಗಾವಿಯ ಉದ್ಯಮಬಾಗದ ಕಡೆ ಲೇತ್, ಮಷೀನ್ ಕೆಲಸದ ಅಂಗಡಿಗಳು ಬೇಕಾದಷ್ಟಿವೆ. ಕಳಿಸುವ ಮೊದಲು ಎಂಜಿನ್ ನಂಬರ್ ಕಾಣುವಂತೆ ಬ್ಲಾಕ್‌ನ ಫೋಟೊ ತೆಗೆಯಿರಿ. ಬೇರಿಂಗ್ ಕ್ಯಾಪ್‌ಗಳಿಗೆ ಸೆಂಟರ್ ಪಂಚ್‌ನಿಂದ ಸಂಖ್ಯೆ ಹಾಕಿ. ಅಳತೆ ನೋಡಿಸಿ, ಪಿಸ್ಟನ್ ತಂದು ಕೊಟ್ಟು, ಆ ಪಿಸ್ಟನ್‌ಗೆ ತಕ್ಕಂತೆ ಬೋರ್ ಮಾಡಿಸಿ. ಬೋರ್ ಮೊದಲು ಮಾಡಿಸಿ ಪಿಸ್ಟನ್ ಆಮೇಲೆ ಹುಡುಕುವುದು ಉಲ್ಟಾ ಕೆಲಸ.

## ಹಂತ 8: ವೈರಿಂಗ್

ಕಬ್ಬಿನ ಗದ್ದೆ ಹತ್ತಿರ ನಿಂತ ಗಾಡಿಯಲ್ಲಿ ಇಲಿ ವೈರ್ ಕಡಿಯದೆ ಬಿಟ್ಟಿರುವುದಿಲ್ಲ. ಹತ್ತು ಕಡೆಗಿಂತ ಹೆಚ್ಚು ಟೇಪ್ ಸುತ್ತಿದ ಜೋಡಣೆ ಕಂಡರೆ ಹೊಸ ವೈರಿಂಗ್ ಸೆಟ್ ಹಾಕುವುದೇ ಲೇಸು.

ಅರ್ಥ್ ಪಟ್ಟಿಯಿಂದ ಶುರು ಮಾಡಿ. ಎಂಜಿನ್‌ನಿಂದ ಚಾಸಿಗೆ, ಚಾಸಿಯಿಂದ ಕ್ಯಾಬಿನ್‌ಗೆ ಬಣ್ಣ ಉಜ್ಜಿ ಬರಿ ಕಬ್ಬಿಣಕ್ಕೆ ಬಿಗಿಯಿರಿ. ಮಂದ ದೀಪ, ಸೋಮಾರಿ ಸ್ಟಾರ್ಟರ್, ಕುಣಿಯುವ ಮೀಟರ್ ಮುಳ್ಳು, ಅರ್ಧ ತೊಂದರೆ ಇದರಿಂದಲೇ ಹೋಗುತ್ತದೆ. ಹೆಡ್‌ಲೈಟ್ ಬಲ್ಬ್ 60 ವ್ಯಾಟ್. 12 ವೋಲ್ಟಿಗೆ ಒಂದು ಬಲ್ಬ್ 5 ಆಂಪಿಯರ್ ಎಳೆಯುತ್ತದೆ, ಎರಡಕ್ಕೆ 10. ಇಷ್ಟನ್ನೂ ಹಳೆಯ ಸ್ವಿಚ್ ಮೂಲಕ ಹರಿಸಿದರೆ ಸ್ವಿಚ್ ಕರಗುತ್ತದೆ. ರಿಲೇ ಹಾಕಿ, 15 ಆಂಪಿಯರ್ ಫ್ಯೂಸ್ ಇಡಿ. ಎಂಜಿನ್ ನಡೆಯುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಬ್ಯಾಟರಿ ಕುದಿಯುತ್ತದೆ, ರೆಗ್ಯುಲೇಟರ್ ಬದಲಿಸಿ. ಫ್ಯೂಸ್ ಜಾಗದಲ್ಲಿ ತಂತಿ ಸುತ್ತುವುದನ್ನು ಮಾತ್ರ ಯಾರೇ ಹೇಳಿದರೂ ಮಾಡಬೇಡಿ.

## ಹಂತ 9: ಪ್ರೈಮರ್‌ನಲ್ಲೇ ಓಡಿಸಿ

ಈ ಹಂತವನ್ನು ಬಹುತೇಕ ಎಲ್ಲರೂ ಬಿಡುತ್ತಾರೆ. ಬಾಡಿ ಕೂಡಿಸಿ, ಬಣ್ಣವಿಲ್ಲದೆ, ಕನಿಷ್ಠ 200 ಕಿಲೋಮೀಟರ್ ಓಡಿಸಿ. ಇನ್ಶೂರೆನ್ಸ್, ಎಫ್‌ಸಿ ಚಾಲ್ತಿಯಲ್ಲಿಲ್ಲದಿದ್ದರೆ ರಸ್ತೆಗೆ ತರಬೇಡಿ, ನಿಮ್ಮ ಹೊಲದ ದಾರಿಯಲ್ಲೇ ಸುತ್ತಿಸಿ. ಮೊದಲು ಖಾಲಿ, ಆಮೇಲೆ ಅರ್ಧ ಲೋಡ್. ಪ್ರತಿ ಸಲ ಬಂದ ಮೇಲೆ ನಾಲ್ಕೂ ಚಕ್ರದ ನಡುವೆ ಕೈ ಹತ್ತಿರ ಹಿಡಿದು ಬಿಸಿ ನೋಡಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಬ್ರೇಕ್ ಹಿಡಿಯುತ್ತಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಗಾಡಿ ನಿಂತ ಜಾಗದಲ್ಲಿ ರಟ್ಟು ಹಾಸಿ, ಬೆಳಿಗ್ಗೆ ಎಲ್ಲಿ ಕಲೆ ಬಿದ್ದಿದೆ ನೋಡಿ.

ಸೋರಿಕೆ, ಸದ್ದು, ಎಳೆತ ಎಲ್ಲ ಈಗಲೇ ಸರಿ ಮಾಡಿ. ಈಗ ಗ್ರೀಸ್ ಕೈ ತಾಗಿದರೆ ಒರೆಸಿದರೆ ಆಯಿತು.

## ಹಂತ 10: ಪುಟ್ಟಿ ಮತ್ತು ಬಣ್ಣ

ಮೊದಲು ಹಳೆಯ ಬಣ್ಣ ಯಾವುದು ತಿಳಿಯಿರಿ. ಬಟ್ಟೆಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಕಿ ಒಂದು ಮೂಲೆಯಲ್ಲಿ ಉಜ್ಜಿ. ಬಣ್ಣ ಸುಕ್ಕಾಗಿ ಎದ್ದರೆ ಅದು ಸಿಂಥೆಟಿಕ್ ಎನಾಮೆಲ್. ಅದರ ಮೇಲೆ ಖಡಕ್ ಥಿನ್ನರಿನ ಬಣ್ಣ ಹೊಡೆದರೆ ಇಡೀ ಬಾಗಿಲು ಸುಕ್ಕಾಗುತ್ತದೆ. ಹಳೆಯದನ್ನು ಪೂರ್ತಿ ಕೆರೆಯಬೇಕು, ಇಲ್ಲವೇ ಅದೇ ಜಾತಿಯ ಬಣ್ಣ ಹೊಡೆಯಬೇಕು.

ಪುಟ್ಟಿ ದಪ್ಪ 3 ಎಂಎಂ ಮೀರಬಾರದು. ಅದಕ್ಕಿಂತ ಆಳ ಇದ್ದರೆ ತಗಡನ್ನೇ ಬಡಿದು ಎತ್ತಿಸಿ. ಪಾಲಿಯೆಸ್ಟರ್ ಪುಟ್ಟಿಯನ್ನು ನೀರು ಹಾಕಿ ಉಜ್ಜಬೇಡಿ. ಪುಟ್ಟಿ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಆ ನೀರು ಒಳಗಿನ ತಗಡಿಗೆ ತಲುಪುತ್ತದೆ. ಮುಂದಿನ ಮಳೆಗಾಲಕ್ಕೆ ಗುಳ್ಳೆ ಏಳುವುದು ಇದರಿಂದಲೇ. 80 ನಂಬರಿನ ಪೇಪರಿನಿಂದ ಶುರು ಮಾಡಿ 180, 320ಕ್ಕೆ ಬನ್ನಿ, ಎಲ್ಲವೂ ಒಣಗಿದ್ದಾಗಲೇ. ನೀರಿನ ಪೇಪರ್ ಏನಿದ್ದರೂ ಪುಟ್ಟಿಯ ಮೇಲೆ ಹೊಡೆಯುವ ಸರ್ಫೇಸರ್ ಪ್ರೈಮರ್ ಮೇಲೆ, 400ರಿಂದ ಮುಂದೆ.

ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಬಣ್ಣ ಹೊಡೆದರೆ ಹನಿ ತಗಡು ಮುಟ್ಟುವ ಮೊದಲೇ ಒಣಗಿ ಮರಳಿನ ಹಾಗೆ ಕೂರುತ್ತದೆ. ಬೆಳಿಗ್ಗೆ ಗಾಳಿ ಏಳುವ ಮೊದಲು ಹೊಡೆಯಿರಿ. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ. ಕಂಪ್ರೆಸರ್‌ಗೆ ನೀರು ಬೇರ್ಪಡಿಸುವ ಫಿಲ್ಟರ್ ಇರಲೇಬೇಕು. ತೆಳು ಪದರು ಹೊಡೆದು 10-15 ನಿಮಿಷ ಬಿಟ್ಟು ಇನ್ನೊಂದು.

ಗಟ್ಟಿಕಾರಕ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮನೆಯಲ್ಲಿ ಹೊಡೆಯಬೇಡಿ ಎಂದೇ ನಾನು ಹೇಳುವುದು. ಅದರಲ್ಲಿ ಐಸೋಸೈಯನೇಟ್ ಇರುತ್ತದೆ, ಉಸಿರಾಟಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಉಜ್ಜುವ ಕೆಲಸ ಎಲ್ಲ ಮನೆಯಲ್ಲಿ ಮುಗಿಸಿ, ಕ್ಯಾಬಿನ್‌ಗೆ ಕೊನೆಯ ಬಣ್ಣ ಬೂತ್ ಇರುವ ಕಡೆ ಹೊಡೆಸಿ. ಸರಕು ಹೇರುವ ಬಾಡಿಗೆ ಸಿಂಥೆಟಿಕ್ ಎನಾಮೆಲ್ ಸಾಕು. ಗೀರು ಬಿದ್ದಾಗ ಮನೆಯಲ್ಲೇ ಬ್ರಶ್ ಹಿಡಿದು ಸರಿ ಮಾಡಬಹುದು.

ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಬಿಚ್ಚಬೇಡಿ. ಅದರ ಲಾಕ್ ಒಮ್ಮೆ ತೆಗೆದರೆ ಮತ್ತೆ ಹಾಕಲು ಬರುವುದಿಲ್ಲ. ಟೇಪ್, ಪೇಪರ್‌ನಿಂದ ಮುಚ್ಚಿ ಕೆಲಸ ಮಾಡಿ.

## ಹಂತ 11: ನಿಮ್ಮ ಇಷ್ಟದ ಬದಲಾವಣೆ

ಕ್ಯಾಬಿನ್ ಒಳಗೆ ಮನಸ್ಸಿಗೆ ಬಂದಂತೆ ಮಾಡಿ. ಚಾವಣಿ ಮತ್ತು ನೆಲಕ್ಕೆ ಶಾಖ ತಡೆಯುವ ಶೀಟ್ ಅಂಟಿಸುವುದು ನಮ್ಮ ಬಿಸಿಲಿಗೆ ಮೊದಲ ಕೆಲಸ. ಸೀಟಿನ ಫೋಮ್, ಸಣ್ಣ ಫ್ಯಾನ್, ಟೇಪ್ ರೆಕಾರ್ಡರ್ ಇದ್ದ ಜಾಗಕ್ಕೆ ಹೊಸ ಸ್ಟೀರಿಯೊ, ಯಾವುದಕ್ಕೂ ಅಡ್ಡಿಯಿಲ್ಲ. ಬಾಡಿಯಲ್ಲಿ ಮರದ ಹಲಗೆ ಹಾಸುವುದಾದರೆ ನಡುವೆ ಬೆರಳು ಹೋಗುವಷ್ಟು ಸಂದಿ ಬಿಡಿ. ರಬ್ಬರ್ ಹಾಸು ಹಾಕಿದರೆ ಗೊಬ್ಬರ ಹೇರಿದ ದಿನವೇ ಎತ್ತಿ ತೊಳೆಯಿರಿ.

ಬಾಡಿ ಅಗಲ-ಉದ್ದ ಹೆಚ್ಚಿಸುವುದು, ಸೈಲೆನ್ಸರ್ ಕತ್ತರಿಸುವುದು, ಕರ್ಕಶ ಹಾರ್ನ್, ಮುಂದೆ ಕಬ್ಬಿಣದ ಬುಲ್ ಗಾರ್ಡ್, ಇವು ಬೇಡ. ಬುಲ್ ಗಾರ್ಡ್ ಮೇಲೆ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ಕ್ರಮಕ್ಕೆ ಹೇಳಿದೆ. ಡಿಕ್ಕಿಯ ಹೊಡೆತ ನೇರ ಚಾಸಿಗೆ ಹೋಗುತ್ತದೆ, ಎದುರು ಬಂದ ಮನುಷ್ಯ ಉಳಿಯುವುದಿಲ್ಲ. ಹಿಂದೆ ಪಟ್ಟಿ ಸೇರಿಸಿ ಸ್ಪ್ರಿಂಗ್ ಗಟ್ಟಿ ಮಾಡಿದರೆ ಆರ್‌ಸಿಯ ಲೋಡ್ ಹೆಚ್ಚುವುದಿಲ್ಲ. ಗಾಡಿ ಎತ್ತರ ಆದಾಗ ಹಂತ 6ರಲ್ಲಿ ಹೇಳಿದ ವಾಲ್ವ್ ಸದಾ ಖಾಲಿ ಗಾಡಿ ಎಂದೇ ತಿಳಿಯುತ್ತದೆ. ತುಂಬಿದ ಲೋಡಿನಲ್ಲಿ ಹಿಂದಿನ ಬ್ರೇಕ್ ಅರ್ಧಕ್ಕರ್ಧ ಸಿಗುವುದಿಲ್ಲ.

ಪ್ರತಿಫಲಿಸುವ ಟೇಪ್ ಹಾಕಲೇಬೇಕು: ಮುಂದೆ ಬಿಳಿ, ಪಕ್ಕ ಹಳದಿ, ಹಿಂದೆ ಕೆಂಪು. ರಾತ್ರಿ ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ಓಡಾಡುವ ನಮಗೆ ಇದರ ಬೆಲೆ ಗೊತ್ತಿದೆ. ಇನ್ನು ಹಿಂದಿನ ಬಾಡಿ ಎಷ್ಟೇ ಚೆಂದ ಆಗಿರಲಿ, ಅದರಲ್ಲಿ ಆಳುಗಳನ್ನು, ಜಾತ್ರೆಗೆ ಮನೆಮಂದಿಯನ್ನು ಕೂರಿಸಬೇಡಿ. ಉರುಳಿದರೆ ಹಿಡಿಯಲು ಏನೂ ಇರುವುದಿಲ್ಲ, ಇನ್ಶೂರೆನ್ಸ್ ಕೂಡ ಕೈ ಹಿಡಿಯುವುದು ಕಷ್ಟ.

## ಹಂತ 12: ಮೊದಲ ಸಾವಿರ ಕಿಲೋಮೀಟರ್

50 ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೆ ಟಾರ್ಕ್ ಮಾಡಿ. ಮೊದಲ ಪೂರ್ತಿ ಲೋಡ್ ಇಳಿಸಿದ ದಿನ ಯು-ಬೋಲ್ಟ್ ಬಿಗಿ ಮಾಡಿ, ಹೊಸ ಯು-ಬೋಲ್ಟ್ ಮೊದಲ ಭಾರಕ್ಕೆ ಸ್ವಲ್ಪ ಸಡಿಲ ಬೀಳುತ್ತದೆ. ಎಂಜಿನ್ ಬೋರ್ ಮಾಡಿಸಿದ್ದರೆ 500ಕ್ಕೆ ಆಯಿಲ್ ಬದಲಿಸಿ. ಹಳೆಯ ಆಯಿಲನ್ನು ಬಿಳಿ ತಟ್ಟೆಗೆ ಸುರಿದು ಬೆರಳಲ್ಲಿ ಉಜ್ಜಿ ನೋಡಿ. ಮಿನುಗುವ ಚೂರು ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ, ಮಿಸ್ತ್ರಿಗೆ ಫೋನ್ ಮಾಡಿ. 1000ಕ್ಕೆ ಎಲ್ಲ ಗ್ರೀಸ್ ನಿಪ್ಪಲ್, ಪ್ರೊಪೆಲ್ಲರ್ ಶಾಫ್ಟ್‌ನ ಬೋಲ್ಟ್, ಬ್ರೇಕ್ ಹೊಂದಾಣಿಕೆ ನೋಡಿ. ಮೊದಲ ಮಳೆ ಬಿದ್ದ ದಿನ ಬಾಗಿಲಿನ ಕೆಳಗಿನ ತೂತುಗಳಿಂದ ನೀರು ಹೊರಗೆ ಬರುತ್ತಿದೆಯೇ ಬಗ್ಗಿ ನೋಡಿ. ಬರದಿದ್ದರೆ ಒಂದು ತಂತಿ ತೂರಿಸಿ ಬಿಡಿಸಿ.